ಸಂಶಿಯ ಶಂಭುಲಿಂಗಪ್ಪ ಜಮಖಾನೆಯ ಮೇಲೆ ಕೂತದ್ದು

ಎತ್ತಿಗೆ ಎಲ್ಲಿಯಾದರೂ ಮೂಲವ್ಯಾಧಿ ಆಗುತ್ತದೆಯೇ ಎಂದು ಹಾಗೆ ಹುಬ್ಬು ಏರಿಸಬೇಡಿ. ಆಗುವುದಿಲ್ಲ. ಅದು ಊರಿಗೂ ಗೊತ್ತಿತ್ತು, ದನದ ವೈದ್ಯನಿಗೂ ಗೊತ್ತಿತ್ತು, ಎಲ್ಲರಿಗಿಂತ ಚೆನ್ನಾಗಿ ಆ ಎತ್ತಿಗೇ ಗೊತ್ತಿತ್ತು. ಆದರೂ ಒಂದು ಸುಗ್ಗಿಯಲ್ಲಿ ಸಂಶಿಯ ಎತ್ತಿಗೆ ಮೂಲವ್ಯಾಧಿ ಆಯಿತು, ಊರೆಲ್ಲ ಸೇರಿ ಔಷಧ ಮಾಡಿತು, ಎತ್ತು ಗುಣವೂ ಆಯಿತು. ಇಲ್ಲದ ರೋಗ ವಾಸಿಯಾಗುವುದಕ್ಕೆ ಎಷ್ಟು ಹೊತ್ತು ಬೇಕು? ನೀವು ಕಲಿತವರು, ಎಲ್ಲದಕ್ಕೂ ಸಾಕ್ಷಿ ಕೇಳುತ್ತೀರಿ. ಸಂಶಿ ಬಸ್ ನಿಲ್ದಾಣದ ಪಕ್ಕದಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಸಿರಾಜುದ್ದೀನನನ್ನು ಕೇಳಿ. ಆಣೆ ಮಾಡಿ ಹೇಳುತ್ತಾನೆ. ಬೇಡವೆಂದರೂ ಹೇಳುತ್ತಾನೆ, ಅದೇ ಅವನ ತೊಂದರೆ.

ಎತ್ತಿನಿಂದ ಶುರು ಮಾಡಿದರೆ ಕಥೆ ಬಾಲದಿಂದ ಹಿಡಿದಂತಾಗುತ್ತದೆ. ಎತ್ತಿನ ಒಡೆಯ ಶಂಭುಲಿಂಗಪ್ಪನಿಂದ ಶುರು ಮಾಡಬೇಕು.

ಶಂಭುಲಿಂಗಪ್ಪ ಎರೆಹೊಲದಲ್ಲಿ ಮೆಣಸಿನಕಾಯಿ, ಹತ್ತಿ ಬೆಳೆಯುವ ಒಕ್ಕಲಿಗ. ಬೆಳೆಯುವವರು ಸುತ್ತ ಹಳ್ಳಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವನ ಹೆಸರು ನಡೆದದ್ದು ಬೇರೆ ಕಾರಣಕ್ಕೆ. ಅವನಂತೆ ಕೂಡ್ರುವ ಮನುಷ್ಯ ಕುಂದಗೋಳ ತಾಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಅಣ್ಣತಮ್ಮಂದಿರ ಜಗಳವಿರಲಿ, ಬದುವಿನ ತಂಟೆಯಿರಲಿ, ಮುನಿಸಿಕೊಂಡು ತವರಿಗೆ ಹೋದ ಸೊಸೆಯಿರಲಿ, ಶಂಭುಲಿಂಗಪ್ಪನನ್ನು ಕರೆಯುತ್ತಿದ್ದರು. ಅವನು ಹೋಗಿ ಎರಡೂ ಕಡೆಯವರ ನಡುವೆ ಚಕ್ಕಳಮಕ್ಕಳ ಹಾಕಿ ಕೂಡ್ರುತ್ತಿದ್ದ. ಮಾತಾಡುತ್ತಿರಲಿಲ್ಲ. ಚಹಾ ಕೊಟ್ಟರೆ ಕುಡಿಯುತ್ತಿದ್ದ, ರೊಟ್ಟಿ ಕೊಟ್ಟರೆ ತಿನ್ನುತ್ತಿದ್ದ, ಆದರೆ ಏಳುತ್ತಿರಲಿಲ್ಲ. ಇವನನ್ನು ಮನೆಯಿಂದ ಎಬ್ಬಿಸಬೇಕೆಂದೇ ಜನ ರಾಜಿಯಾಗುತ್ತಿದ್ದರು.

ಒಮ್ಮೆ ಬೇವಿನ ಮರದ ಪಾಲಿಗಾಗಿ ಜಗಳಾಡುತ್ತಿದ್ದ ಅಣ್ಣತಮ್ಮಂದಿರ ಮನೆಯಲ್ಲಿ ಕಡಲೆ ಚೀಲದ ಮೇಲೆ ಕೂತ. ಅವರು ಕೈ ಕೈ ಹಿಡಿದು ಒಪ್ಪಿಕೊಂಡಾಗ ಇವನು ಎದ್ದು ನೋಡಿದರೆ ಚೀಲದೊಳಗಿನ ಕಡಲೆ ಮೊಳಕೆಯೊಡೆದಿತ್ತು. ಗುಡಗೇರಿ ರೈಲು ನಿಲ್ದಾಣದಲ್ಲಿ ನಿಲ್ಲದ ಗಾಡಿಯೊಂದಿತ್ತು. ಶಂಭುಲಿಂಗಪ್ಪ ಅದಕ್ಕಾಗಿ ಕಟ್ಟೆಯ ಮೇಲೆ ಕೂತ. "ಆ ಗಾಡಿ ಇಲ್ಲಿ ನಿಂದ್ರೂದಿಲ್ರಿ" ಎಂದರೆ, "ಅದು ನಿಂದರ್ಲಿ ಬಿಡ್ಲಿ, ನಾ ಏಳೂದಿಲ್ಲ" ಎಂದ. ಕೊನೆಗೆ ಅವನ ರುಮಾಲಿನಲ್ಲಿ ಕಾಗೆ ಗೂಡು ಕಟ್ಟಲು ಕಡ್ಡಿ ತಂದದ್ದನ್ನು ಕಂಡು ಡ್ರೈವರನೇ ಅಚ್ಚರಿಯಿಂದ ಗಾಡಿ ನಿಲ್ಲಿಸಿದನಂತೆ. ನಗಬೇಡಿ. ಕಾಗೆಯದು ಸುಳ್ಳಿರಬಹುದು, ಕೂತದ್ದು ಸುಳ್ಳಲ್ಲ.

ಇಂಥವನಿಗೆ ಒಂದು ಕೇಡು ಬಂತು. ಮಗಳು ಶಾಂಭವಿ ಸಂಶಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಹಟ ಹಿಡಿದು ಹಿತ್ತಿಲಿನಲ್ಲಿ ಹೊಸ ಸಂಡಾಸು ಕಟ್ಟಿಸಿದಳು. ಅಪ್ಪನಿಗೆ ಮೊಣಕಾಲು ನೋವೆಂದು ಅದರೊಳಗೆ ಕುರ್ಚಿಯಂಥದ್ದನ್ನೇ ಕೂಡ್ರಿಸಿದಳು. ಕೂಡ್ರಲು ಜಾಗ ಸಿಕ್ಕರೆ ಶಂಭುಲಿಂಗಪ್ಪ ಬಿಡುವ ಪೈಕಿಯೇ? ಬೆಳಿಗ್ಗೆ ಮೊಬೈಲ್ ಹಿಡಿದು ಒಳಗೆ ಹೋದರೆ ಎತ್ತಿನ ಬಂಡಿ ಓಡಿಸುವ ಪಂದ್ಯದ ವಿಡಿಯೋ ಎಲ್ಲ ಮುಗಿದ ಮೇಲೆಯೇ ಹೊರಗೆ. ಹೊರಗೆ ಹೆಂಡತಿ ಶಾರದವ್ವ ತಂಬಿಗೆ ಹಿಡಿದು, "ಒಳಗೇನ ಪಂಚಾಯ್ತಿ ನಡಸೀರೇನ್ರಿ? ಯಾರ ಕೂಡ ರಾಜಿ ಆಗಬೇಕಾಗೈತಿ?" ಎಂದು ಕೇಳುತ್ತಿದ್ದಳು. ಹೇಳಬಾರದು, ಆದರೆ ನಿಜವಾಗಿಯೂ ಒಳಗೆ ರಾಜಿಯಾಗುತ್ತಿರಲಿಲ್ಲ. ಅವನ ಊಟವೆಂದರೆ ರೊಟ್ಟಿ ಮತ್ತು ಕೆಂಪು ಹಿಂಡಿ, ಅಂದರೆ ಮೆಣಸಿನಕಾಯಿ ಚಟ್ನಿ. ಸೊಪ್ಪು ಕಂಡರೆ "ಅದು ಎತ್ತಿನ ಮೇವು" ಎನ್ನುವವನು. ನೀರು ಕೊಟ್ಟರೆ "ನೀರು ಎತ್ತಿಗಿ, ಚಹಾ ಮನಷ್ಯಾಗ" ಎನ್ನುವವನು. ಹೀಗಾಗಿ ಹೊಟ್ಟೆ ಕಟ್ಟಿ, ಒಳಗೆ ತಿಣುಕುವುದೇ ತಿಣುಕುವುದು.

ಒಂದು ದಿನ ಎದ್ದು ನೋಡಿದರೆ ಕೆಳಗೆಲ್ಲ ಕೆಂಪು.

ನೀವಾಗಿದ್ದರೆ ಹೆದರುತ್ತಿದ್ದಿರಿ. ಶಂಭುಲಿಂಗಪ್ಪ ಹಿಗ್ಗಿದ. ನಮ್ಮ ಕಡೆ ಬ್ಯಾಡಗಿ ಮೆಣಸಿನಕಾಯಿಯನ್ನು ಖಾರಕ್ಕೆ ಅಳೆಯುವುದಿಲ್ಲ, ಬಣ್ಣಕ್ಕೆ ಅಳೆಯುತ್ತಾರೆ. ದಲಾಲ ಕಾಯಿ ಮುರಿದು, ಹಸಿ ಅಂಗೈಗೆ ತಿಕ್ಕಿ, ಬಣ್ಣ ನಿಂತರೆ ತಲೆ ಆಡಿಸುತ್ತಾನೆ. ಆ ವರ್ಷ ಶಂಭುಲಿಂಗಪ್ಪನ ಕಾಯಿ ಅಂಗಳದಲ್ಲಿ ಒಣಗುತ್ತಿದ್ದಾಗ ದಾರಿಹೋಕರು ನಿಂತು ನೋಡುತ್ತಿದ್ದರು. ಅಂಥ ಕಾಯಿಯ ಹಿಂಡಿಯನ್ನೇ ಅವನು ಮೂರು ಹೊತ್ತೂ ತಿನ್ನುತ್ತಿದ್ದ. ಕೆಂಪು ಕಂಡವನೇ ನೇರ ಸಿರಾಜುದ್ದೀನನ ಅಂಗಡಿಗೆ ಬಂದ. ಇಬ್ಬರೂ ಬಾಲ್ಯದ ಗೆಳೆಯರು, ಒಬ್ಬರನ್ನೊಬ್ಬರು ಬೈಯದೆ ಮಾತು ಶುರು ಮಾಡಿದವರಲ್ಲ.

"ಲೇ ಸಿರಾಜ, ಬೆಳಿ ಅಂದ್ರ ಈ ಸಲದ್ದು ಬೆಳಿ ನೋಡಲೇ. ಹೊಟ್ಯಾಗ ಹಾದು ಹೊರಗ ಬಂದ್ರೂ ಬಣ್ಣ ಮಾಸಿಲ್ಲ!"

ಸಿರಾಜುದ್ದೀನ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ತಲೆ ಎತ್ತಲಿಲ್ಲ. "ಎಲ್ಲಿಂದ ಹೊರಗ ಬಂತು?"

"ಎಲ್ಲಿಂದ ಬರಬೇಕೋ ಅಲ್ಲಿಂದ."

"ಕೆಂಪಗ?"

"ಕೆಂಪಗಂದ್ರ ಕುಂಕುಮದ ಹಂಗ. ದಲಾಲಗ ತೋರಸಾಕ ಬರೂದಿಲ್ಲ ಅನ್ನೂದೊಂದ ದುಃಖ."

"ತೋರಸಬ್ಯಾಡೋ ಮಾರಾಯಾ, ಪ್ಯಾಟಿ ಬಂದ್ ಆದೀತು. ಉರೀತೈತೇನು?"

"ಮೆಣಸಿನಕಾಯಿ ಅಂದ ಮ್ಯಾಲ ಉರೀಲಾರದ ತಂಪ ಆಕ್ಕೈತೇನಲೇ?"

ಸಿರಾಜುದ್ದೀನ ಟ್ಯೂಬು ಕೆಳಗಿಟ್ಟ. "ಹುಚ್ಚಪ್ಪಾ, ಅದು ಮೆಣಸಿನಕಾಯಿ ಅಲ್ಲಲೇ, ರಕ್ತ."

"ನನ್ನ ಬೆಳಿ ಕಂಡ್ರ ನಿನಗ ಮೊದಲಿಂದ ಹೊಟ್ಟಿಕಿಚ್ಚು."

"ಹಂಗಾರ ಒಂದ ಕೆಲಸಾ ಮಾಡು. ಸ್ವಲ್ಪ ದಿವಸ ಹಿಂಡಿ ಬಿಡು, ಬರೇ ಮಸರನ್ನ ಉಣ್ಣು. ಬೆಳ್ಳಗ ಬಂದ್ರ ನಿನ್ನ ಮೆಣಸಿನಕಾಯಿ ಗೆದ್ದಂಗ. ಕೆಂಪಗ ಬಂದ್ರ ನಾ ಗೆದ್ದಂಗ."

ಶಂಭುಲಿಂಗಪ್ಪ ಮೊಸರನ್ನ ಉಂಡ. ಅದನ್ನು ಕಂಡು ಶಾರದವ್ವ ಮನೆದೇವರಿಗೆ ದೀಪ ಹಚ್ಚಿದಳು, ಗಂಡನಿಗೆ ಏನೋ ಕಾಯಿಲೆಯೆಂದು. ಆದರೂ ಕೆಂಪೇ ಬಂತು. ಕೆಂಪು ಮೊಸರು ಕೊಡುವ ಎಮ್ಮೆ ಸಂಶಿಯಲ್ಲಿ ಇಲ್ಲ. ಶಂಭುಲಿಂಗಪ್ಪ ಸಂಡಾಸಿನ ಗೋಡೆ ಹಿಡಿದುಕೊಂಡು ನಿಂತ, ಮೊದಲ ಸಲ ಹೆದರಿದ. ಅಂದಿನಿಂದ ಕೂಡ್ರಲು ಹೋದರೆ ಸೂಜಿಯ ಮೇಲೆ ಕೂತಂತೆ. ಚಕ್ಕಳಮಕ್ಕಳದ ಮನುಷ್ಯ ಒಂಟಿಕಾಲಿನ ಕೊಕ್ಕರೆಯಾದ.

"ಟಾಯರ್ ಒಳಗಿಂದ ಸವದ್ರ ಟ್ಯೂಬ್ ಗುಳ್ಳಿ ಹಂಗ ಹೊರಗ ಹಣಿಕಿ ಹಾಕತೈತಿ ನೋಡು, ಹಂಗ ಅದು. ಮೂಲವ್ಯಾಧಿ," ಎಂದ ಸಿರಾಜುದ್ದೀನ. "ದವಾಖಾನಿಗಿ ಹೋಗೂಣು ನಡಿ."

"ಅಲ್ಲಿ ಡಾಕ್ಟರ ಯಾರು ಗೊತ್ತೈತೇನು? ರೋಹಿಣಿ ಅಂತ, ನನ್ನ ಮಗಳ ವಯಸ್ಸಿನಾಕಿ. ಆಕಿ ಮುಂದ ನಾ ಏನಂತ ತೋರಸ್ಲಿ? ನನ್ನ ಮಾನ ಇರೂದ ಅದರ ಮ್ಯಾಲ."

"ಯಾತರ ಮ್ಯಾಲ?"

"ಕುಂದ್ರೂದ್ರ ಮ್ಯಾಲಲೇ! ಊರ ಮಂದಿ ಏನಂದಾರು? ಕುಂದ್ರೂ ಶಂಭುಲಿಂಗಪ್ಪಗ ಕುಂದ್ರಾಕ ಬರವಲ್ದು ಅಂದಾರು. ಶಾಂಭವಿ ಮಾತುಕತಿ ನಡದೈತಿ. ಬೀಗರ ಕಿವಿಗಿ ಬಿದ್ರ ಏನ ಗತಿ?"

ಶಲವಡಿಯ ಈರೇಶನೊಂದಿಗೆ ಶಾಂಭವಿಯ ಸಂಬಂಧ ಮಾತಾಗಿತ್ತು. ಹುಡುಗ ಕರೆಂಟಿನ ಆಫೀಸಿನಲ್ಲಿ ನೌಕರಿಗಿದ್ದ, ಹುಡುಗಿಯನ್ನು ನೋಡಿ ಒಪ್ಪಿದ್ದ. ಶಾಂಭವಿ ಅದಕ್ಕಿಂತ ಮೊದಲೇ ಒಪ್ಪಿದ್ದಳು, ಹೇಳಿರಲಿಲ್ಲ ಅಷ್ಟೇ. ಇನ್ನು ಹೆಣ್ಣಿನ ಕಡೆಯವರು ಶಲವಡಿಗೆ ಹೋಗಿ ಮನೆ ನೋಡಿ ಬರುವುದೊಂದು ಬಾಕಿ.

ಆಗ ಶಂಭುಲಿಂಗಪ್ಪನ ತಲೆಗೆ ಎತ್ತು ಹೊಳೆಯಿತು. ತನಗೆಂದು ಔಷಧ ಕೇಳಿದರೆ ತಾನೆ ಮಾನ ಹೋಗುವುದು? ದನದ ಔಷಧ ಬಲ್ಲ ಮೈಲಾರಿಯನ್ನು ಕರೆಸಿದ.

"ನಮ್ಮ ಮಾಣಿಕ್ಯಾಗ ಮೂಲವ್ಯಾಧಿ ಆಗೇತಿ ನೋಡಪಾ."

"ಎತ್ತಿಗಿ? ನಿಮಗ ಹ್ಯಾಂಗ ಗೊತ್ತಾತ್ರೀ ಕಾಕಾ?"

"ಕುಂದ್ರುವಾಗ ಮಾರಿ ಸಣ್ಣ ಮಾಡತೈತಿ."

ಮೈಲಾರಿ ಹಿಂದೆ ಹೋಗಿ ಬಾಲ ಎತ್ತಿದ. ಮಾಣಿಕ್ಯಾ ಮಾನವಂತ ಎತ್ತು, ಒದ್ದಿತು. ಮೈಲಾರಿ ಹುಲ್ಲಿನ ಬಣವೆಯ ಮೇಲೆ ಬಿದ್ದು, "ರೋಗ ಐತ್ರಿ, ಸಿಟ್ಟ ಭಾಳ ಐತಿ" ಎಂದು ತೀರ್ಪು ಕೊಟ್ಟ. ಸುದ್ದಿ ಊರಿಗೆ ಹಬ್ಬಿತು. ರಾಮವ್ವ ಎಂಬ ಮುದುಕಿ ಜೀರಿಗೆ ಹಾಕಿದ ಮಜ್ಜಿಗೆ ತಂದಳು. ಯಾರೋ ಮೂಲಂಗಿ ತಂದರು, ಯಾರೋ ಮೆಂತ್ಯದ ಸೊಪ್ಪು, ಯಾರೋ ಬಾಳೆಹಣ್ಣು. ಮಾಣಿಕ್ಯಾ ಇಂಥ ಭಾಗ್ಯವನ್ನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಜನ ಹೋದ ಮೇಲೆ ಶಂಭುಲಿಂಗಪ್ಪ ಕೊಟ್ಟಿಗೆಗೆ ಬಂದು ಗೋದಲಿಗೆ ಕೈ ಹಾಕುತ್ತಿದ್ದ. ಅರ್ಧ ಎತ್ತಿಗೆ, ಅರ್ಧ ತನಗೆ. ಮೂಲಂಗಿಯ ಒಂದು ತುದಿ ಇವನ ಬಾಯಲ್ಲಿ, ಇನ್ನೊಂದು ತುದಿ ಎತ್ತಿನ ಬಾಯಲ್ಲಿ ಇರುವಾಗಲೇ ಒಂದು ಸಂಜೆ ಶಾರದವ್ವ ಒಳಗೆ ಬಂದಳು.

"ಎತ್ತಿನ ಕೂಡ ಊಟಕ್ಕ ಕುಂತೀರೇನ್ರಿ?"

"ಕುಂತಿಲ್ಲ, ನಿಂತೀನಿ," ಎಂದ ಶಂಭುಲಿಂಗಪ್ಪ. ಆ ದಿನಗಳಲ್ಲಿ ಅವನು ಹೆಂಡತಿಗೆ ಹೇಳಿದ ಒಂದೇ ನಿಜ ಅದು.

ಮೂಲಂಗಿ, ಸೊಪ್ಪು, ಮಜ್ಜಿಗೆಯಿಂದ ಕೊಂಚ ಹಗುರವೆನಿಸಿತ್ತು. ಅಲ್ಲಿಗೇ ಬಿಡಬೇಕಿತ್ತು. ಆದರೆ ಮೈಲಾರಿ ಒಂದು ಕರಿ ಮುಲಾಮು ಕೊಟ್ಟು, "ಬಾಲದ ಬುಡಕ್ಕ ಹಚ್ಚರಿ" ಎಂದಿದ್ದ. ಅದು ದನದ ಗೊರಸಿನ ಹುಳ ಸಾಯಿಸುವ ಮುಲಾಮು. ಶಂಭುಲಿಂಗಪ್ಪ ಅದನ್ನು ತನ್ನ ಬಾಲದ ಬುಡಕ್ಕೆ ಹಚ್ಚಿಕೊಂಡ. ಮುಂದಿನದನ್ನು ಕಂಡವರು ಹೇಳುತ್ತಾರೆ: ಮನೆಯಿಂದ ಕೆರೆಯವರೆಗೆ ಅವನ ಕಾಲು ನೆಲಕ್ಕೆ ಹತ್ತಲಿಲ್ಲ, ದಾರಿಯಲ್ಲಿ ಮೋಟಾರ್ ಸೈಕಲ್ಲೊಂದನ್ನು ಹಿಂದೆ ಹಾಕಿದ, ಕೆರೆಯಲ್ಲಿ ಸೊಂಟದವರೆಗೆ ಕೂತ. ಕೂತ ಮೇಲೆ ಕೆರೆಯ ನೀರು ಬೆಚ್ಚಗಾಗಿ, ಅರಿವೆ ಒಗೆಯುವ ಹೆಂಗಸರು "ಇವತ್ತ ಕಾಸಿದ ನೀರಿನಂಗ ಐತಲ್ಲವಾ" ಎಂದು ಮನೆಯ ಕಂಬಳಿಗಳನ್ನೆಲ್ಲ ತಂದು ಒಗೆದುಕೊಂಡರು. ಉತ್ಪ್ರೇಕ್ಷೆ ಎನ್ನುವಿರಾ? ಸರಿ, ಕಂಬಳಿ ಒಂದೇ ಇರಲಿ.

ಅಷ್ಟರಲ್ಲಿ ಶಲವಡಿಯಿಂದ ಕರೆ ಬಂತು. ಹೊರಡುವ ಮುಂಚೆ ಶಾಂಭವಿ ಅಪ್ಪನ ರುಮಾಲು ಸರಿಪಡಿಸುತ್ತ, "ಅಪ್ಪಾ, ಅಲ್ಲಿ ಏನೂ ಮಾತಾಡಬ್ಯಾಡ. ನಿನಗ ಬರೂದೊಂದ ಮಾಡು. ಸುಮ್ನ ಕುಂತು ಬಾ," ಎಂದಳು. ಈ ಸಂಬಂಧ ಆಗಲಿ ಎಂದು ಅವಳು ಬಾಯಿಬಿಟ್ಟು ಹೇಳಿದ್ದು ಅಷ್ಟೇ. ಶಂಭುಲಿಂಗಪ್ಪನ ಕಣ್ಣಲ್ಲಿ ನೀರು ಬಂತು. ಮಗಳು ಪ್ರೀತಿಗೆಂದುಕೊಂಡಳು.

ಸಿರಾಜುದ್ದೀನ ಜೊತೆಗೆ ಬಂದ. ಅವನ ಚೀಲದಲ್ಲಿ ಗಾಳಿ ತುಂಬಿದ ಸ್ಕೂಟರ್ ಟ್ಯೂಬು ಇತ್ತು. "ಇದರ ಮ್ಯಾಲ ಟಾವೆಲ್ ಹಾಕಿ ಕುಂದ್ರು. ನಡುವ ತೂತ ಐತಿ, ನೋಯೂದು ಯಾತಕ್ಕೂ ತಾಗೂದಿಲ್ಲ." ಬಸ್ಸಿನಲ್ಲಿ ಸೀಟು ಖಾಲಿ ಇದ್ದವು. ಕಂಡಕ್ಟರ್, "ಹಿರ್ಯಾರ, ಕುಂದರ್ರಿ" ಎಂದ. "ನಿಂದ್ರಾಕ ಬ್ಯಾರೆ ಟಿಕೀಟ ತಗೋಬೇಕೇನು?" ಎಂದು ಶಂಭುಲಿಂಗಪ್ಪ ಶಲವಡಿಯವರೆಗೆ ಕಂಬ ಹಿಡಿದು ನಿಂತ. ಶಾರದವ್ವ ಗಂಡನನ್ನೇ ನೋಡುತ್ತಿದ್ದಳು.

ಈರೇಶನ ತಂದೆ ಸಿದ್ಧಾರೂಢಪ್ಪ ಬಸ್ ಡ್ರೈವರ್ ಆಗಿ ನಿವೃತ್ತಿಯಾದವರು, ತಾಯಿ ಮಹಾನಂದಾ ನವಲಗುಂದದ ಮಗಳು. ಪಡಸಾಲೆಯಲ್ಲಿ ನವಲಗುಂದದ ಜಮಖಾನೆ ಹಾಸಿತ್ತು, ಕೆಂಪು, ಹಳದಿ, ನಡುವೆ ನವಿಲು. ಅವಳು ತವರಿನಿಂದ ತಂದದ್ದು, ಬೀಗರಿಗೆ ಮಾತ್ರ ಬಿಚ್ಚುವಂಥದ್ದು. ಆ ಮನೆತನದಲ್ಲಿ ಒಂದು ಕಟ್ಟು ಇತ್ತು: ಬೀಗರು ಆ ಜಮಖಾನೆಯ ಮೇಲೆ ಕೂತರೆ ಸಂಬಂಧ ಕೂಡಿತು, ನಿಂತೇ ಹೊರಟರೆ ಬೇಡವೆಂದಂತೆ. ಅವರು ಕೂಡ್ರುವವರೆಗೆ ಮನೆಯವರೂ ಕೂಡ್ರುವಂತಿಲ್ಲ.

"ಬರ್ರಿ ಬೀಗರ, ಕುಂದರ್ರಿ," ಎಂದರು ಸಿದ್ಧಾರೂಢಪ್ಪ.

"ಆತ್ರಿ, ಕುಂದ್ರೂಣಂತ. ಏನ ಜಮಖಾನಿರಿ ಇದು! ಇದರ ಮ್ಯಾಲ ಕಾಲಿಡಾಕ ಮನಸ ಬರವಲ್ದು."

"ಕಾಲ ಇಡಬ್ಯಾಡ್ರಿ, ಕುಂದರ್ರಿ."

"ನವಿಲಿನ ಮ್ಯಾಲ ಹ್ಯಾಂಗ ಕುಂದ್ರೂದ್ರಿ, ಪಾಪ."

"ಬಾಜೂಕ ಹೂವ ಐತಿ, ಅದರ ಮ್ಯಾಲ ಕುಂದರ್ರಿ."

ಶಂಭುಲಿಂಗಪ್ಪ ತೊಲೆ ನೋಡಿದ, ಗೂಡು ನೋಡಿದ, ಕ್ಯಾಲೆಂಡರಿನ ಮುಂದಿನ ತಿಂಗಳುಗಳನ್ನು ತಿರುವಿ ನೋಡಿದ. ಚಹಾ ಬಂತು, ನಿಂತೇ ಕುಡಿದ. ಮನೆಯವರೆಲ್ಲ ನಿಂತಿದ್ದರು. ಕೋಲೂರಿದ ಮುದಿ ಸೋದರತ್ತೆಯನ್ನೂ ಎಬ್ಬಿಸಿ ನಿಲ್ಲಿಸಿದ್ದರು, "ಹಾಂಗ ನಿಂದ್ರು ಅತ್ತಿ, ಬೀಗರು ಇನ್ನೂ ಕುಂತಿಲ್ಲ" ಎಂದು. ಅಷ್ಟರಲ್ಲಿ ನೆರೆಮನೆಯವನೊಬ್ಬ ಬಾಗಿಲಲ್ಲಿ ಹಣಿಕಿ, ಎಲ್ಲರೂ ತಲೆತಗ್ಗಿಸಿ ನಿಂತದ್ದು ಕಂಡು, ಟೊಪ್ಪಿಗೆ ತೆಗೆದು ತಾನೂ ನಿಂತ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, "ಯಾರ ಹೋದ್ರು?" ಎಂದು ಕೇಳಿದ.

ಮಹಾನಂದಾ ಜಮಖಾನೆಯ ಒಂದು ಅಂಚು ಹಿಡಿದು ಸುತ್ತತೊಡಗಿದಳು. ಈರೇಶನ ಮುಖ ಬಿಳಿಚಿತು. ಶಾರದವ್ವ ಗಂಡನ ತೋಳನ್ನು ಚಿವುಟಿ, "ನನ್ನ ಮಗಳ ಬಾಳೇವ ಸುತ್ತಾಕತ್ತಾರ್ರಿ, ಕುಂದರ್ರಿ!" ಎಂದು ಹಲ್ಲು ಕಚ್ಚಿ ಹೇಳಿದಳು.

ಸಿರಾಜುದ್ದೀನ ಟ್ಯೂಬನ್ನು ಸರ್ರನೆ ಜಾರಿಸಿದ, ಮೇಲೆ ಟಾವೆಲ್ ಎಸೆದ. ಶಂಭುಲಿಂಗಪ್ಪ ಕಣ್ಣು ಮುಚ್ಚಿ, ಮಗಳನ್ನು ನೆನೆದು, ಕೂತ.

ಎಲ್ಲರೂ ಕೂತರು. ಅತ್ತೆ "ಶಿವಾ" ಎಂದಳು. ಆಗ ಕೇಳಿಸಿತು.

ಸ್ಸ್‌ಸ್‌ಸ್‌ಸ್…

ಸಣ್ಣಗೆ, ಉದ್ದಕ್ಕೆ, ನಿಲ್ಲದಂತೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಮರ್ಯಾದಸ್ಥರ ಮನೆಯಲ್ಲಿ ಇಂಥದ್ದು ಕೇಳಿಸುವುದಿಲ್ಲ. ಈರೇಶ ತಲೆ ಎತ್ತಿ ಛತ್ತು ನೋಡಿದ, ಮಹಾನಂದಾ ನವಿಲನ್ನು ನೋಡಿದಳು. ಸಿದ್ಧಾರೂಢಪ್ಪ ಜೋರಾಗಿ ಕೆಮ್ಮಿ, "ಈ ವರ್ಷ ಕಡ್ಲಿ ಹ್ಯಾಂಗ್ರಿ ನಿಮ್ಮ ಕಡೆ?" ಎಂದರು. "ಚಲೋ ಅದಾವ್ರಿ," ಎನ್ನುತ್ತ ಶಂಭುಲಿಂಗಪ್ಪ ಎಲ್ಲರ ಕಣ್ಣೆದುರೇ ನಿಧಾನವಾಗಿ ಕೆಳಗಿಳಿಯುತ್ತಿದ್ದ. ಶಾರದವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕಡಲೆ ಮುಗಿಯಿತು, ಹತ್ತಿ ಮುಗಿಯಿತು, ಸದ್ದು ಮುಗಿಯಲಿಲ್ಲ.

ಸಿರಾಜುದ್ದೀನ ತಡೆದುಕೊಂಡ. ಬಹಳ ತಡೆದುಕೊಂಡ. ಆದರೆ ಹೊಟ್ಟೆಪಾಡಿನ ಕಸುಬು ಮಾನ ಮರ್ಯಾದೆ ನೋಡುವುದಿಲ್ಲ. ಶಂಭುಲಿಂಗಪ್ಪನ ಪಕ್ಕ ಬಾಗಿ ಕಿವಿ ಇಟ್ಟವನೇ ಕೂಗಿಬಿಟ್ಟ: "ನಾ ಹಾಕಿದ ಪ್ಯಾಚ್ ಅಲ್ರಿ ಇದು! ವಾಲ್ ಲೀಕ್ ಆಗೇತಿ!"

ಸಿದ್ಧಾರೂಢಪ್ಪ ಎದ್ದು ಬಂದು, ಬೀಗರ ಕೆಳಗೆ ಕೈ ಹಾಕಿ, ಸೊರಗಿದ ಟ್ಯೂಬನ್ನು ಎಳೆದು ಮೇಲೆತ್ತಿ ಹಿಡಿದರು. ಅದನ್ನೊಮ್ಮೆ, ಶಂಭುಲಿಂಗಪ್ಪನ ಕಿವುಚಿದ ಮುಖವನ್ನೊಮ್ಮೆ ನೋಡಿದರು.

"ಎಷ್ಟ ದಿನಾ ಆತ್ರಿ ಬೀಗರ?"

"ಎತ್ತಿಗಿ ಆಗಿತ್ರಿ…" ಎಂದು ಶುರು ಮಾಡಿದ ಶಂಭುಲಿಂಗಪ್ಪ. ಟ್ಯೂಬಿನತ್ತ ಕಣ್ಣು ಹೋಯಿತು. "ಸುಗ್ಗಿ ಸುರುವಾದಾಗಿಂದ್ರಿ."

ಸಿದ್ಧಾರೂಢಪ್ಪ ಒಳಗೆ ಹೋಗಿ ಏನನ್ನೋ ತಂದು ಜಮಖಾನೆಯ ಮೇಲಿಟ್ಟರು. ಹೆಂಗಸರು ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಸಿಂಬಿ. ಆದರೆ ಇದು ಗಾಡಿಯ ಗಾಲಿಯಷ್ಟು ದಪ್ಪ, ಹಳೆ ಸೀರೆಗಳನ್ನು ಸುತ್ತಿ ಸುತ್ತಿ ಮಾಡಿದ್ದು.

"ನಮ್ಮಾಕಿ ಮಾಡಿಕೊಟ್ಟದ್ದು. ಇದರ ಮ್ಯಾಲ ಕುಂತ ನಾ ಬಸ್ ಹೊಡದೀನ್ರಿ. ಕಂಡಕ್ಟರ್ ಕೇಳಿದ್ರ, ನಮ್ಮವ್ವನ ನೆನಪಿಗಿ ಇಟಗೊಂಡೀನಿ ಅಂತಿದ್ದೆ. ಒಂದ ದಿನಾ ತಲಿ ತಿರಗಿ ಸ್ಟೇರಿಂಗ್ ಮ್ಯಾಲ ಬಿದ್ದೆ. ಅಷ್ಟ ರಕ್ತ ಹೋಗಿತ್ತು. ಆಮ್ಯಾಲ ದವಾಖಾನಿಗಿ ಹೋದ್ರ, ಇಷ್ಟರಾಗ ಮುಗಿಯೂ ಜಡ್ಡಿಗಿ ಇಷ್ಟ ವರ್ಷ ಸಿಂಬಿ ಹೊತ್ತೀಯೇನೋ ಅಂತ ಬೈದ್ರು."

"ಹೊತ್ತಿಲ್ರಿ, ಕುಂತಾರ," ಎಂದಳು ಮಹಾನಂದಾ. ಅಂಚು ಸುತ್ತಿದ ಜಮಖಾನೆಯನ್ನು ಮತ್ತೆ ಬಿಡಿಸಿ ಹಾಸುತ್ತಿದ್ದಳು. "ನಾ ಎಲ್ಲಿ ನಮ್ಮ ಮನಿ ಮನಸಿಗಿ ಬರಲಿಲ್ಲೇನೋ ಅಂದ್ಕೊಂಡಿದ್ನಿ. ಇಷ್ಟ ಹೌದಲ್ಲ?"

"ಇಷ್ಟಲ್ಲ," ಎಂದರು ಸಿದ್ಧಾರೂಢಪ್ಪ. "ಇವತ್ತ ಕುಂತದ್ದ ಲೆಕ್ಕಕ್ಕಿಲ್ಲ. ಟ್ಯೂಬಿನ ಮ್ಯಾಲ ಕುಂತಾರ, ಜಮಖಾನಿ ಮ್ಯಾಲಲ್ಲ. ಬೀಗರ, ಮೊದಲ ಡಾಕ್ಟರ ಹಂತೇಕ ಹೋಗಿ ಬರ್ರಿ. ರಕ್ತ ಬಿದ್ರ ಅದು ಮೂಲವ್ಯಾಧಿನೋ ಮತ್ತೊಂದೋ ಅಂತ ಅವರ ನೋಡಿ ಹೇಳಬೇಕು, ಎತ್ತ ಹೇಳೂದಿಲ್ಲ. ಆರಾಮ ಆಗಿ ಬಂದು, ಟ್ಯೂಬ ಇಲ್ಲದ, ಸಿಂಬಿ ಇಲ್ಲದ ಇದರ ಮ್ಯಾಲ ಕುಂದರ್ರಿ. ಅವತ್ತ ಸಕ್ರಿ ಹಂಚಿ ಮಾತು ಗಟ್ಟಿ ಮಾಡೂಣು."

ಬಾಗಿಲಲ್ಲಿದ್ದ ನೆರೆಮನೆಯವನು, "ಹಂಗಾರ ಯಾರೂ ಹೋಗಿಲ್ಲಲಾ?" ಎಂದು ಖಾತ್ರಿ ಮಾಡಿಕೊಂಡು ಟೊಪ್ಪಿಗೆ ಹಾಕಿಕೊಂಡು ಹೋದ.

ಮರುದಿನ ಬೆಳಿಗ್ಗೆ ಸಿರಾಜುದ್ದೀನ ಗೆಳೆಯನ ರಟ್ಟೆ ಹಿಡಿದು ದವಾಖಾನೆಗೆ ನಡೆಸಿದ. ಡಾಕ್ಟರ್ ರೋಹಿಣಿ, "ಯಾರಿಗಿ ಏನಾಗೇತ್ರಿ?" ಎಂದರು. ಶಂಭುಲಿಂಗಪ್ಪ ರೂಢಿಯಂತೆ, "ಎತ್ತಿಗ್ರೀ ಅವ್ವಾರ, ಮೂಲವ್ಯಾಧಿ" ಎಂದುಬಿಟ್ಟ.

"ಎತ್ತನ್ನ ಒಳಗ ಕರಕೊಂಡ ಬರ್ರಿ."

"ಬಂದೈತ್ರಿ," ಎಂದು ಸಿರಾಜುದ್ದೀನ ಅವನನ್ನು ಮುಂದಕ್ಕೆ ನೂಕಿದ.

ಅವಮಾನ ಎಂದುಕೊಂಡದ್ದು ಒಂದು ಕೆಮ್ಮು ಕೆಮ್ಮುವಷ್ಟರಲ್ಲಿ ಮುಗಿಯಿತು. ಡಾಕ್ಟರ್ ಕೈಗವಸು ಹಾಕಿ, ಮಗ್ಗುಲಾಗಿ ಮಲಗಿಸಿ ನೋಡಿದರು, ದೂರಬೀನಿನ ಮರಿಯಂಥ ಕೊಳವೆಯಿಂದಲೂ ನೋಡಿದರು. ರಕ್ತ ಬಿದ್ದದ್ದರಿಂದ ಬೇರೆ ಏನೂ ಇಲ್ಲವೆಂದು ಖಾತ್ರಿಯಾಗಲೆಂದು ಇನ್ನೊಂದು ತಪಾಸಣೆಯನ್ನೂ ಮಾಡಿಸಿದರು. ಬೇರೆ ಏನೂ ಇರಲಿಲ್ಲ.

"ಅಲ್ಲಿ ರಕ್ತನಾಳದ ಸಣ್ಣ ಮೆತ್ತನ ದಿಂಬಿನಂಥವು ಎಲ್ಲಾರಿಗೂ ಇರತಾವ್ರಿ ಕಾಕಾರ, ನನಗೂ ಅದಾವ, ನಿಮಗೂ ಅದಾವ. ಹೊಟ್ಟಿ ಕಟ್ಟಿ ತಿಣಕಿದ್ರ, ಭಾಳ ಹೊತ್ತು ಸಂಡಾಸದಾಗ ಕುಂತ್ರ ಅವು ಉಬ್ಬತಾವ, ಒಡದು ರಕ್ತ ಬರತೈತಿ. ಎಷ್ಟ ಹೊತ್ತ ಕುಂದ್ರತೀರಿ?"

"ಎಲ್ಲಿ ಕುಂದ್ರೂದ್ರಿ?" ಎಂದ ಶಂಭುಲಿಂಗಪ್ಪ, ಕೊಂಚ ಅಭಿಮಾನದಿಂದ.

"ಸಂಡಾಸದಾಗ್ರಿ."

ಅಭಿಮಾನ ಇಳಿಯಿತು. "ಬಂಡಿ ಓಟ ಮುಗಿಯೂತನಾ."

"ಮೊಬೈಲ್ ಹೊರಗ ಇಡ್ರಿ. ಒತ್ತಡ ಬಂದಾಗ ಹೋಗ್ರಿ, ಕ್ಷಣದಾಗ ಎದ್ದು ಬರ್ರಿ. ಬರಲಿಲ್ಲಂದ್ರ ತಿಣಕಬ್ಯಾಡ್ರಿ, ಆಮ್ಯಾಲ ಹೋಗ್ರಿ. ಸೊಪ್ಪು, ಕಾಳು, ಹಣ್ಣು ತಿನ್ರಿ. ನೀರು ಕುಡೀರಿ, ಚಹಾ ಅಲ್ಲ, ನೀರು. ಬೋಗುಣ್ಯಾಗ ಬೆಚ್ಚನ ನೀರ ಹಾಕಿ ಸ್ವಲ್ಪ ಹೊತ್ತ ಕುಂದರ್ರಿ, ನೋವು ಕಡಿಮಿ ಆಕ್ಕೈತಿ."

"ಕೆರಿ ನಡೀತೈತೇನ್ರಿ?"

"ಬ್ಯಾಡ್ರಿ. ಬೋಗುಣಿ ಸಾಕು."

"ಹಿಂಡಿ?"

"ಹಿಂಡಿಯಿಂದ ಈ ರೋಗ ಬರೂದಿಲ್ಲ. ಆದ್ರ ಗಾಯ ಇದ್ದಾಗ ಉರಸತೈತಿ. ಮಾಯೂತನಾ ಕಡಿಮಿ ಮಾಡ್ರಿ."

ತನ್ನ ಮೆಣಸಿನಕಾಯಿ ನಿರಪರಾಧಿ ಎಂದು ಸರಕಾರಿ ಡಾಕ್ಟರೇ ಹೇಳಿದ್ದು ಕೇಳಿ ಶಂಭುಲಿಂಗಪ್ಪನ ಜೀವ ತಂಪಾಯಿತು. ಸೊಪ್ಪು ನೀರಿನಿಂದ ಬಹಳ ಮಟ್ಟಿಗೆ ಇಳಿಯಿತು. ಹಟಮಾರಿಯಾಗಿ ಉಳಿದ ಒಂದೆರಡು ಗಂಟುಗಳ ಬುಡಕ್ಕೆ ಡಾಕ್ಟರು ಸಣ್ಣ ರಬ್ಬರ್ ಉಂಗುರ ಹಾಕಿದರು. ರಕ್ತ ಸಿಗದೆ ಅವು ಒಣಗಿ ತಾವೇ ಉದುರಿಹೋದವು. ಸಿರಾಜುದ್ದೀನ ಊರ ತುಂಬ ಹೇಳಿಕೊಂಡು ಬಂದ: "ಮಗಳಿಗಿಂತ ಮೊದಲ ಅಪ್ಪಗ ಉಂಗುರ ಹಾಕಿದ್ರು!" ಊರು ನಕ್ಕಿತು. ಆದರೆ ನಕ್ಕವರಲ್ಲಿ ಹಲವರು ಆಮೇಲೆ ಒಬ್ಬೊಬ್ಬರಾಗಿ ಶಂಭುಲಿಂಗಪ್ಪನ ಕೊಟ್ಟಿಗೆಗೆ ಬಂದು, ದನಿ ತಗ್ಗಿಸಿ, "ಕಾಕಾ, ನಮ್ಮ ಎತ್ತಿಗೂ ಹಂಗ ಆಗೇತಿ" ಎಂದರು. ಅವರಲ್ಲಿ ಕೆಲವರ ಮನೆಯಲ್ಲಿ ಎತ್ತೇ ಇರಲಿಲ್ಲ. ಎಲ್ಲರನ್ನೂ ಅವನು ರೋಹಿಣಿ ಡಾಕ್ಟರ ಹತ್ತಿರ ಕಳಿಸಿದ.

ಸಕ್ಕರೆ ಹಂಚುವ ದಿನ ಶಲವಡಿಯ ಪಡಸಾಲೆಯಲ್ಲಿ ಮತ್ತೆ ಅದೇ ಜಮಖಾನೆ, ಅದೇ ನವಿಲು. ಮತ್ತೆ ಎಲ್ಲರೂ ನಿಂತರು. ಶಾಂಭವಿಯೂ ಬಂದಿದ್ದಳು, ಗಣಿತದ ಟೀಚರು ಉಗುರು ಕಚ್ಚುತ್ತಿದ್ದಳು. ಶಂಭುಲಿಂಗಪ್ಪ ಧೋತರ ಸರಿಮಾಡಿ, ಹೂವಿನ ಬದಿಗೆ ನಿಂತು, ಮೊಣಕಾಲು ಮಡಚಿ, ಮೆಲ್ಲಗೆ, ಮೆಲ್ಲಗೆ ಇಳಿದು, ಚಕ್ಕಳಮಕ್ಕಳ ಹಾಕಿ ಕೂತ.

ಪಡಸಾಲೆ ಉಸಿರು ಹಿಡಿದು ಆಲಿಸಿತು. ಸಿರಾಜುದ್ದೀನ ಬಾಗಿ ಕಿವಿ ಕೊಟ್ಟ.

"ಏನೂ ಇಲ್ರಿ," ಎಂದು ಘೋಷಿಸಿದ. "ಎಲ್ಲಿಯೂ ಲೀಕ್ ಇಲ್ಲ!"

ಮಹಾನಂದಾ ಸಕ್ಕರೆಯ ತಟ್ಟೆ ಎತ್ತಿದಳು. ಶಾಂಭವಿ ನಗುತ್ತ ಅಳುತ್ತ ಒಳಗೆ ಓಡಿದಳು. ಸಕ್ಕರೆ ಬಾಯಿಗೆ ಬಿದ್ದದ್ದೇ ತಡ, ಶಂಭುಲಿಂಗಪ್ಪ ಎದ್ದು ನಿಂತ. "ಡಾಕ್ಟರ ಹೇಳ್ಯಾರ್ರಿ, ಭಾಳ ಹೊತ್ತ ಕುಂದರಬ್ಯಾಡ ಅಂತ." ಬದುಕಿನಲ್ಲಿ ಯಾರೂ ಎಬ್ಬಿಸದೆ ಅವನು ತಾನಾಗಿ ಎದ್ದದ್ದು ಅದೇ ಮೊದಲು. ಈಗ ಅವನು ಪಂಚಾಯ್ತಿಯನ್ನೂ ನಿಂತೇ ಮಾಡುತ್ತಾನೆ, ನಡುನಡುವೆ ಜಗಳಗಂಟರಿಗೆಲ್ಲ ನೀರು ಕುಡಿಸುತ್ತಾನೆ. ನೀರು ಕುಡಿದವರು ಎದ್ದು ಹೋಗಲೇಬೇಕಲ್ಲ, ಜಗಳ ಮೊದಲಿಗಿಂತ ಬೇಗ ಮುಗಿಯುತ್ತದೆ.

ಕಷ್ಟಕ್ಕೆ ಸಿಕ್ಕಿದ್ದು ಮಾಣಿಕ್ಯಾ ಒಂದೇ. ಅದಕ್ಕೆ ಈಗ ಬರಿ ನೀರು ಇಟ್ಟರೆ ಮೂಸುವುದಿಲ್ಲ, ಮಜ್ಜಿಗೆಯೇ ಬೇಕು, ಅದರಲ್ಲಿ ಜೀರಿಗೆ ಇರಬೇಕು. ಕೊಡದಿದ್ದರೆ ಮಲಗುವಾಗ ಬೇಕಂತಲೇ ಮುಖ ಸಣ್ಣ ಮಾಡುತ್ತದೆ. ಇದನ್ನೂ ನಂಬುವುದಿಲ್ಲವೇ? ನಾಳೆ ಸಂಶಿಗೆ ಹೋಗಿ ನೋಡಿ, ಕೊಟ್ಟಿಗೆಯಲ್ಲಿ ಅದು…

"ಅಜ್ಜಾ!" ಒಳಗಿಂದ ಮೊಮ್ಮಗಳ ಕೂಗು. "ಸಾಕ ಮಾಡು ನಿನ್ನ ಎತ್ತಿನ ಪುರಾಣ. ರೊಟ್ಟಿ ಆರಾಕತ್ಯಾವ, ಉಣ್ಣಾಕ ಬಾ. ಮೆಂತೆ ಪಲ್ಯಾ ಮಾಡೀನಿ, ಎತ್ತಿನ ಮೇವು ಅನಬ್ಯಾಡ ಮತ್ತ!"